ಜಾಝ್‌ಮಾಸ್ಟರ್: ಯಾರಿಗೋ ಮಾಡಿದ ಗಿಟಾರ್, ಯಾರದೋ ಕೈಯಲ್ಲಿ

ಕುಳಿತು ನುಡಿಸುವವರಿಗೆ ಅಮೆರಿಕದ ಫೆಂಡರ್ ಕಂಪನಿಯ ಜಾಝ್‌ಮಾಸ್ಟರ್‌ನಷ್ಟು ಒಗ್ಗುವ ಎಲೆಕ್ಟ್ರಿಕ್ ಗಿಟಾರ್ ಇನ್ನೊಂದಿಲ್ಲ. ಇದು ನನ್ನ ಖಚಿತ ಅಭಿಪ್ರಾಯ. ಮೈಸೂರಿನ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುವವನು ನಾನು. ಗಣೇಶೋತ್ಸವವಾಗಲಿ, ರಾಜ್ಯೋತ್ಸವವಾಗಲಿ, ಮದುವೆಯ ಆರತಕ್ಷತೆಯಾಗಲಿ, ನಮ್ಮದು ಹಳೆಯ ಚಿತ್ರಗೀತೆಗಳು ಮತ್ತು ಭಾವಗೀತೆಗಳು. ಗಾಯಕರು ಮುಂದೆ ನಿಲ್ಲುತ್ತಾರೆ. ಕೀಬೋರ್ಡ್, ತಬಲಾ, ಗಿಟಾರ್‌ನವರು ಹಿಂದೆ ಕೂರುತ್ತೇವೆ. ಗಂಟೆಗಟ್ಟಲೆ ಹಾಗೆ ಕೂರುವವರಿಗೆ ಗಿಟಾರ್ ತೊಡೆಯ ಮೇಲೆ ಹೇಗೆ ನಿಲ್ಲುತ್ತದೆ ಎಂಬುದು ಅದರ ನಾದದಷ್ಟೇ ಮುಖ್ಯ.

ನನ್ನ ಬಳಿ ಇರುವುದು ಸ್ಕ್ವಾಯರ್ ಕ್ಲಾಸಿಕ್ ವೈಬ್ ಸರಣಿಯ, ಅರವತ್ತರ ದಶಕದ ಮಾದರಿಯ ಜಾಝ್‌ಮಾಸ್ಟರ್. ಒಲಿಂಪಿಕ್ ವೈಟ್ ಎಂದು ಕರೆಯುವ, ಕೆನೆಯತ್ತ ವಾಲುವ ಬಿಳಿ ಬಣ್ಣ. ಅದರ ಮೇಲೆ ಆಮೆಚಿಪ್ಪಿನ ಚಿತ್ತಾರವಿರುವ ಕೆಂಗಂದು ಪ್ಲಾಸ್ಟಿಕ್ ಫಲಕ. ಸ್ಕ್ವಾಯರ್ ಎಂದರೆ ಫೆಂಡರ್ ಕಂಪನಿಯೇ ಕಡಿಮೆ ಬೆಲೆಯ ಗಿಟಾರ್‌ಗಳಿಗೆ ಬಳಸುವ ಹೆಸರು. ಅಮೆರಿಕದ ಮಿಷಿಗನ್‌ನಲ್ಲಿ ವಾದ್ಯಗಳ ತಂತಿ ತಯಾರಿಸುತ್ತಿದ್ದ ಆ ಹೆಸರಿನ ಕಂಪನಿಯನ್ನು ಫೆಂಡರ್ 1965ರಲ್ಲಿ ಕೊಂಡಿತು. 1982ರಿಂದ ಆ ಹೆಸರಿನಲ್ಲಿ ಗಿಟಾರ್‌ಗಳೇ ಬರತೊಡಗಿದವು. ನನ್ನದು ಇಂಡೊನೇಷ್ಯಾದಲ್ಲಿ ತಯಾರಾದದ್ದು.

ಮೊದಲು ಆಕಾರದ ಮಾತು. ಸಾಮಾನ್ಯ ಗಿಟಾರ್‌ನ ಸೊಂಟ ಎರಡೂ ಬದಿಯಲ್ಲಿ ಎದುರುಬದುರಾಗಿರುತ್ತದೆ. ಜಾಝ್‌ಮಾಸ್ಟರ್‌ನಲ್ಲಿ ಒಂದು ಬದಿಯ ಸೊಂಟ ಇನ್ನೊಂದರಿಂದ ಸರಿದು ನಿಂತಿದೆ. ಇಡೀ ಒಡಲು ಓರೆಯಾಗಿ ಒರಗಿಕೊಂಡಂತೆ ಕಾಣುತ್ತದೆ. ನೋಟಕ್ಕಾಗಿ ಹೀಗೆ ಮಾಡಿದ್ದಾರೆ ಎಂದು ಹಲವರು ತಿಳಿದಿದ್ದಾರೆ. ಕುಳಿತು ತೊಡೆಯ ಮೇಲೆ ಇಟ್ಟುಕೊಂಡ ಕೂಡಲೇ ಕಾರಣ ತಿಳಿಯುತ್ತದೆ: ಗಿಟಾರಿನ ಕತ್ತು, ಅಂದರೆ ನೆಕ್, ಕೆಳಗೆ ಜಾರುವುದಿಲ್ಲ, ಬಲಗೈ ತಾನಾಗಿಯೇ ತಂತಿಗಳ ಮೇಲೆ ಬಂದು ಕೂರುತ್ತದೆ, ಎಡಗೈ ಗಿಟಾರಿನ ಭಾರ ಹೊರಬೇಕಾಗಿಲ್ಲ. ಕಂಪನಿ ಕಟ್ಟಿದ ಲಿಯೊ ಫೆಂಡರ್ ಈ ಆಕಾರಕ್ಕೆ 1958ರ ಆರಂಭದಲ್ಲೇ ಪೇಟೆಂಟ್ ಅರ್ಜಿ ಹಾಕಿದರು; 1960ರಲ್ಲಿ ಅದು ಮಂಜೂರಾಯಿತು. ರೇಡಿಯೊ ರಿಪೇರಿಯಿಂದ ಬಂದ ಆ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಹಾಗಿದ್ದೂ ನುಡಿಸುವವರ ಮೈ ಎಲ್ಲಿ ನೋಯುತ್ತದೆ ಎಂಬುದು ಅವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂದು ಈ ಗಿಟಾರ್ ಹಿಡಿದಾಗಲೆಲ್ಲ ಬೆರಗಾಗುತ್ತದೆ.

ಇಷ್ಟು ಯೋಚಿಸಿ ಮಾಡಿದ ಗಿಟಾರ್ ಯಾರಿಗಾಗಿ ಬಂತೋ ಅವರು ಅದನ್ನು ಕೊಳ್ಳಲಿಲ್ಲ. ಕೊಂಡವರೇ ಬೇರೆ. ಈ ಗಿಟಾರಿನ ಇತಿಹಾಸವೆಲ್ಲ ಈ ಎರಡು ಗುಂಪುಗಳ ನಡುವಿನ ಅಂತರದಲ್ಲಿದೆ. ಇಂದಿಗೂ ಅಂಗಡಿಯಲ್ಲಿ ಅದೇ ಅಂತರ ಮುಂದುವರಿದಿದೆ ಎಂಬುದೇ ನನ್ನ ಮುಖ್ಯ ದೂರು. ಅದಕ್ಕೆ ಆಮೇಲೆ ಬರುತ್ತೇನೆ.

1958ರಲ್ಲಿ ಫೆಂಡರ್ ಇದನ್ನು ತನ್ನ ಅತ್ಯಂತ ಮೇಲಿನ ದರ್ಜೆಯ ಗಿಟಾರ್ ಎಂದು ಮಾರುಕಟ್ಟೆಗೆ ತಂದಿತು. ತನ್ನದೇ ಇನ್ನೊಂದು ಗಿಟಾರ್ ಆದ ಸ್ಟ್ರಾಟೊಕ್ಯಾಸ್ಟರ್‌ಗಿಂತ ಸುಮಾರು 50 ಡಾಲರ್ ಹೆಚ್ಚಿನ ಬೆಲೆ. ಹೆಸರೇ ಹೇಳುವಂತೆ ಗುರಿ ಜಾಝ್ ಸಂಗೀತಗಾರರು. ಅವರು ಕುಳಿತು ನುಡಿಸುತ್ತಾರೆ, ಆದ್ದರಿಂದ ಓರೆ ಒಡಲು. ಅವರಿಗೆ ಬೆಚ್ಚಗಿನ ನಾದ ಬೇಕು, ಆದ್ದರಿಂದ ಅಗಲವಾದ, ಚಪ್ಪಟೆಯಾಗಿ ಸುತ್ತಿದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿ). ಅವರು ಹೊಳಪು ಕಡಿಮೆಯ ಮಂದ್ರ ನಾದದಿಂದ ಒಮ್ಮೆಲೇ ಚೂಪು ನಾದಕ್ಕೆ ಹೋಗಬೇಕಾಗುತ್ತದೆ, ಆದ್ದರಿಂದ ಮೇಲ್ಭಾಗದಲ್ಲಿ ಪ್ರತ್ಯೇಕ ಸ್ವಿಚ್ಚು ಮತ್ತು ವಾಲ್ಯೂಮ್, ನಾದ ಹೊಂದಿಸುವ ಎರಡು ಉರುಳೆಗಳು. ಅದುವರೆಗಿನ ಫೆಂಡರ್ ಗಿಟಾರ್‌ಗಳ ನೆಕ್ ಒಂದೇ ತುಂಡು ಮೇಪಲ್ ಮರದ್ದು. ಇದಕ್ಕೆ ಮೊದಲ ಬಾರಿಗೆ ರೋಸ್‌ವುಡ್ ಫಿಂಗರ್‌ಬೋರ್ಡ್, ಅಂದರೆ ನೆಕ್ ಮೇಲೆ ಬೆರಳೊತ್ತುವ ಹಲಗೆ, ಬಂತು. ಗಂಭೀರ ಸಂಗೀತಗಾರರ ಕಣ್ಣಿಗೆ ಕಪ್ಪು ಮರ ಘನವಾಗಿ ಕಾಣುತ್ತದೆ ಎಂಬ ಲೆಕ್ಕ ಅದರಲ್ಲಿ ಇದ್ದೀತು ಎಂದು ನನ್ನ ಊಹೆ.

ಜಾಝ್‌ನವರು ಬರಲಿಲ್ಲ. ಜೋ ಪಾಸ್ ಅರವತ್ತರ ದಶಕದ ಆರಂಭದಲ್ಲಿ ಸ್ವಲ್ಪ ಕಾಲ ಇದನ್ನು ನುಡಿಸಿದ್ದನ್ನು ಬಿಟ್ಟರೆ, ಅವರೆಲ್ಲ ಗಿಬ್ಸನ್ ಕಂಪನಿಯ ತಮ್ಮ ಟೊಳ್ಳು ಒಡಲಿನ ಗಿಟಾರ್‌ಗಳನ್ನು ಬಿಡಲು ಒಪ್ಪಲಿಲ್ಲ. ಅವರ ಕಿವಿ ಆ ಟೊಳ್ಳು ಪೆಟ್ಟಿಗೆಯ ಗಾಳಿಗೆ ಒಗ್ಗಿಹೋಗಿತ್ತು. ಗಟ್ಟಿ ಹಲಗೆಯ ಗಿಟಾರಿಗೆ ಎಂತಹ ಒಳ್ಳೆಯ ಪಿಕಪ್ ಹಾಕಿದರೂ ಆ ಗಾಳಿ ಬರುವುದಿಲ್ಲ. ಹೆಸರಿನಲ್ಲಿ ಜಾಝ್ ಇಟ್ಟ ಮಾತ್ರಕ್ಕೆ ಒಂದು ಸಮುದಾಯದ ರೂಢಿ ಬದಲಾಗದು.

ಅದೇ 1958ರಲ್ಲಿ ಗಿಬ್ಸನ್ ಕೂಡ ಫ್ಲೈಯಿಂಗ್ ವಿ ಮತ್ತು ಎಕ್ಸ್‌ಪ್ಲೋರರ್ ಎಂಬ ಚೂಪು ಮೂಲೆಗಳ ಗಿಟಾರ್‌ಗಳನ್ನು ತಂದಿತು. ಮೊದಲ ಸುತ್ತಿನಲ್ಲಿ ಫ್ಲೈಯಿಂಗ್ ವಿ ಹೋದದ್ದು ಸುಮಾರು ನೂರು ಮಾತ್ರ. ಆ ವರ್ಷದ ಸನ್‌ಬರ್ಸ್ಟ್ ಲೆಸ್ ಪಾಲ್ ಗಿಟಾರ್‌ಗಳಿಗೂ ಆಗ ಬೇಡಿಕೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಮಾದರಿಯನ್ನೇ ನಿಲ್ಲಿಸಿದರು. ಇಂದು ಅವೆಲ್ಲ ಕೋಟಿಗಳ ಮಾತು. ಎರಡೂ ಕಂಪನಿಗಳ ಅತ್ಯುತ್ತಮ ಕೆಲಸ ಒಂದೇ ಹೊತ್ತಿನಲ್ಲಿ ಗಿರಾಕಿಯಿಲ್ಲದೆ ಕುಳಿತಿತ್ತು.

ಫೆಂಡರನ್ನು ಕಾಪಾಡಿದ್ದು ಎರಡು ಸಂಗತಿಗಳು: ಬಣ್ಣ ಮತ್ತು ಚಿತ್ರ. ಆ ಕಾಲದ ಫೆಂಡರ್ ಜಾಹೀರಾತುಗಳನ್ನು ರೂಪಿಸಿದವರು ರಾಬರ್ಟ್ ಪೆರೀನ್ ಎಂಬ ಕ್ಯಾಲಿಫೋರ್ನಿಯಾದ ಕಲಾವಿದ. 'ನೀವೂ ನಿಮ್ಮದನ್ನು ಬಿಟ್ಟಿರಲಾರಿರಿ' ಎಂಬರ್ಥದ ಒಂದು ಸಾಲು, ಅದರ ಜೊತೆ ಒಂದು ಫೋಟೊ. ಫೋಟೊದಲ್ಲಿ ಒಬ್ಬಾತ ಅಲೆಯ ಮೇಲೆ ಜಾರುತ್ತಾ, ಇನ್ನೊಬ್ಬಾತ ವಿಮಾನದಿಂದ ಹಾರುತ್ತಾ ಗಿಟಾರ್ ಹಿಡಿದಿರುತ್ತಾನೆ. ಸೂಟು ತೊಟ್ಟ ವಾದಕನಿಲ್ಲ, ವೇದಿಕೆಯಿಲ್ಲ, ನಾದದ ಬಗ್ಗೆ ಒಂದು ಮಾತಿಲ್ಲ. ಕಡಲ ತೀರದ ಹದಿಹರೆಯದವರ ಬದುಕಿನೊಳಗೆ ಗಿಟಾರನ್ನು ತಂದು ಇಟ್ಟುಬಿಟ್ಟರು. ಇಂತಹ ಕೆಲಸವನ್ನು ನಾನು ಕೀಳಾಗಿ ನೋಡುವುದಿಲ್ಲ. ಲಿಯೊ ಫೆಂಡರ್ ನೋವಿಲ್ಲದೆ ನುಡಿಸುವ ದಾರಿ ಹುಡುಕಿದರೆ, ಪೆರೀನ್ ಅದನ್ನು ಯಾರ ಕೈಗೆ ತಲುಪಿಸಬಹುದು ಎಂದು ಹುಡುಕಿದರು.

ಬಣ್ಣಗಳು ಕಾರಿನಿಂದ ಬಂದವು. ಡುಪಾಂಟ್ ಕಂಪನಿ ಕಾರುಗಳಿಗಾಗಿ ಮಾಡುತ್ತಿದ್ದ ಬಣ್ಣಗಳನ್ನೇ ಫೆಂಡರ್ ಗಿಟಾರಿಗೆ ಬಳಿಸಿತು. ಸೋನಿಕ್ ಬ್ಲೂ, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕ್ ಕಾರಿನವು, ಫಿಯೆಸ್ಟಾ ರೆಡ್ ಫೋರ್ಡ್‌ನದು. ಮಾಮೂಲಿ ಬಣ್ಣ ಬೇಡವೆಂದರೆ ಶೇಕಡಾ 5ರಷ್ಟು ಹೆಚ್ಚು ಕೊಡಬೇಕಿತ್ತು. ಸಣ್ಣ ಮೊತ್ತ. ಆದರೆ ಹುಡುಗನೊಬ್ಬ ತಾನು ಎಂದೂ ಕೊಳ್ಳಲಾಗದ ಕಾರಿನ ಬಣ್ಣವನ್ನು ಕೈಯಲ್ಲಿ ಹಿಡಿದು ಮನೆಗೆ ಒಯ್ಯಬಹುದಿತ್ತು. ದಿ ವೆಂಚರ್ಸ್ ಎಂಬ ಅಮೆರಿಕದ ವಾದ್ಯತಂಡ 1960ರ ಹೊತ್ತಿಗೆ ಜಾಝ್‌ಮಾಸ್ಟರ್ ಹಿಡಿದು ನಿಂತಿತು. ಕಡಲ ತೀರದ ಹುಡುಗರ ಸಂಗೀತವಾದ ಸರ್ಫ್‌ನವರು ಅದನ್ನು ತಮ್ಮದಾಗಿಸಿಕೊಂಡರು. ಬೆಚ್ಚಗಿನ ಜಾಝ್‌ಗೆಂದು ಸುತ್ತಿದ ಪಿಕಪ್, ರಿವರ್ಬ್ (ಮಾರ್ದನಿ) ತುಂಬಿದ ಆಂಪ್ಲಿಫೈಯರ್ ಮೂಲಕ ಒದ್ದೆಯಾದ, ತೊಟ್ಟಿಕ್ಕುವಂತಹ ನಾದ ಕೊಟ್ಟಿತು. ಅದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ.

1962ರಲ್ಲಿ ಫೆಂಡರ್ ಇದಕ್ಕೂ ಮೇಲಿನದಾಗಿ ಜಾಗ್ವಾರ್ ತಂದಿತು. 1965ರಲ್ಲಿ ಕಂಪನಿಯೇ 130 ಲಕ್ಷ ಡಾಲರಿಗೆ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್ ಪಾಲಾಯಿತು. ಸ್ಟ್ರಾಟೊಕ್ಯಾಸ್ಟರ್ ಹಿಡಿದ ರಾಕ್ ವಾದಕ ಜಿಮಿ ಹೆಂಡ್ರಿಕ್ಸ್ ಬಂದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. 1980ರ ಹೊತ್ತಿಗೆ ಜಾಝ್‌ಮಾಸ್ಟರ್ ಕಂಪನಿಯ ಮಾರಾಟದ ಪಟ್ಟಿಯಿಂದಲೇ ಹೋಯಿತು.

ಈಗ ನನ್ನ ದೂರಿಗೆ ಬರುತ್ತೇನೆ. ಇದನ್ನು ಅರ್ಥ ಮಾಡಿಕೊಳ್ಳಲು ಬ್ರಿಜ್ ಅನ್ನು, ಅಂದರೆ ಒಡಲಿನ ಮೇಲೆ ತಂತಿಗಳು ಆತು ನಿಲ್ಲುವ ಲೋಹದ ಭಾಗವನ್ನು, ಹತ್ತಿರದಿಂದ ನೋಡಬೇಕು. ಜಾಝ್‌ಮಾಸ್ಟರ್‌ನ ಬ್ರಿಜ್ ಒಡಲಿಗೆ ಕಚ್ಚಿಕೊಂಡಿಲ್ಲ. ಅದರ ಎರಡು ಕಾಲುಗಳು ಎರಡು ಲೋಹದ ಗುಳಿಗಳೊಳಗೆ ಮೊನೆಯ ಮೇಲೆ ನಿಂತಿವೆ. ಸ್ವರವನ್ನು ನಡುಗಿಸುವ ಟ್ರೆಮೊಲೊ ಕಡ್ಡಿಯನ್ನು ಒತ್ತಿದಾಗ ತಂತಿಗಳು ಮುಂದೆ ಹೋಗುತ್ತವೆ. ಅವುಗಳೊಂದಿಗೆ ಬ್ರಿಜ್ ಕೂಡ ಮುಂದಕ್ಕೆ ವಾಲುತ್ತದೆ. ಬಿಟ್ಟಾಗ ಎರಡೂ ಒಟ್ಟಿಗೆ ಹಿಂದಕ್ಕೆ ಬರುತ್ತವೆ. ತಂತಿ ಬ್ರಿಜ್‌ನ ಮೇಲೆ ಉಜ್ಜುವುದಿಲ್ಲ, ಆದ್ದರಿಂದ ಶ್ರುತಿ ತಪ್ಪುವುದಿಲ್ಲ. ಬಹಳ ಜಾಣತನದ ವ್ಯವಸ್ಥೆ. ಭಾವಗೀತೆಯ ಮಧ್ಯೆ ಒಂದು ಸ್ವರವನ್ನು ತುಸು ನಡುಗಿಸಿ ಮುಂದಿನದಕ್ಕೆ ಜಾರಿಸಬೇಕಾದಾಗ ಈ ಕಡ್ಡಿಯಷ್ಟು ಮೃದುವಾದದ್ದನ್ನು ನಾನು ಬೇರೆ ಗಿಟಾರಿನಲ್ಲಿ ಕಂಡಿಲ್ಲ. ಕಿರುಬೆರಳಿನ ಭಾರ ಸಾಕು.

ಆದರೆ ಈ ವ್ಯವಸ್ಥೆ ನಿಂತಿರುವುದು ತಂತಿಯ ಒತ್ತಡದ ಮೇಲೆ. ತಂತಿಗಳ ತುದಿ ಸಿಕ್ಕಿಸುವ ಟ್ರೆಮೊಲೊ ತಟ್ಟೆ ಬ್ರಿಜ್‌ನಿಂದ ಬಹಳ ದೂರದಲ್ಲಿದೆ. ತಂತಿ ಬ್ರಿಜ್ ದಾಟಿದ ಮೇಲೆ ಹೆಚ್ಚು ಕೆಳಗೆ ಬಾಗುವುದೇ ಇಲ್ಲ. ಹಾಗಾಗಿ ಬ್ರಿಜ್ ಮೇಲೆ ಬೀಳುವ ಭಾರ ಕಡಿಮೆ. 1958ರಲ್ಲಿ ಇದು ಸಮಸ್ಯೆಯಾಗಿರಲಿಲ್ಲ. ಜಾಝ್ ವಾದಕರು ಬಳಸುತ್ತಿದ್ದದ್ದು ಇಂಚಿನ ಸಾವಿರದಲ್ಲಿ 12 ಭಾಗ ಅಥವಾ ಅದಕ್ಕೂ ದಪ್ಪದ ತಂತಿ. ಅದರ ಬಿಗಿತವೇ ಬ್ರಿಜ್ ಅನ್ನು ಅಲುಗಾಡದಂತೆ ಕೂರಿಸುತ್ತಿತ್ತು. ಅರವತ್ತರ ದಶಕದಲ್ಲಿ ತೆಳು ತಂತಿಗಳು ಬಂದವು. ತೆಳು ತಂತಿ ಹಾಕಿದ ಜಾಝ್‌ಮಾಸ್ಟರ್ ಗುಂಯ್‌ಗುಡುತ್ತದೆ. ಜೋರಾಗಿ ಮೀಟಿದರೆ ತಂತಿ ತನ್ನ ಗೀರಿನಿಂದ ಹಾರಿ ಪಕ್ಕಕ್ಕೆ ಬೀಳುತ್ತದೆ. ಈ ಗಿಟಾರಿಗೆ ಅಂಟಿದ ಅರ್ಧ ಕೆಟ್ಟ ಹೆಸರು ಇದರಿಂದಲೇ ಬಂದದ್ದು.

ಇಷ್ಟೆಲ್ಲ ಗೊತ್ತಿದ್ದೂ ಇಂದು ಅಂಗಡಿಯಲ್ಲಿ ತೂಗುಹಾಕಿದ ಜಾಝ್‌ಮಾಸ್ಟರ್‌ಗಳ ಮೇಲೆ ಇರುವುದು 9ರ ಅಥವಾ 10ರ ತಂತಿ. ಕಾರಣ ಮಾರಾಟದ್ದು. ಗಿರಾಕಿ ಗಿಟಾರನ್ನು ಕೈಗೆತ್ತಿಕೊಂಡ ಮೊದಲ ಐದು ನಿಮಿಷದಲ್ಲಿ ಬೆರಳಿಗೆ ಹಿತವೆನಿಸಬೇಕು. ಹೊಸಬರ ಬೆರಳಿಗೆ ತೆಳು ತಂತಿ ನೋಯಿಸುವುದಿಲ್ಲ. ಅವರು ಕೊಳ್ಳುತ್ತಾರೆ, ಮನೆಗೆ ಹೋಗಿ ಜೋರಾಗಿ ಮೀಟುತ್ತಾರೆ, ತಂತಿ ಹಾರುತ್ತದೆ, ಗಿಟಾರೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ನಾನು ಕೊಳ್ಳಲು ಹೋದ ಅಂಗಡಿಯಲ್ಲಿ ದಪ್ಪ ತಂತಿ ಹಾಕಿ ಕೊಡಿ ಎಂದಾಗ, "ಅದೆಲ್ಲ ಬೇಕಾಗಿಲ್ಲ ಸಾರ್, ಎಲ್ಲರೂ ಇದನ್ನೇ ನುಡಿಸುತ್ತಾರೆ" ಎಂದರು. ಎಲ್ಲರೂ ನುಡಿಸುವುದು ಬೇರೆ ಗಿಟಾರನ್ನು. ಕಾರ್ಖಾನೆಯವರ ಕೈಯಲ್ಲಿ ತಯಾರಾಗುವಾಗಲೇ ಈ ಗಿಟಾರಿನ ಜೊತೆ ಒಂದು ಚೀಟಿ ಇಟ್ಟು, ಇದಕ್ಕೆ ದಪ್ಪ ತಂತಿ ಬೇಕು ಎಂದು ಬರೆದರೆ ಎಷ್ಟು ಜನರ ಹಣ, ಸಿಟ್ಟು ಎರಡೂ ಉಳಿಯುತ್ತಿತ್ತು.

ಪರಿಹಾರ ಸುಲಭ, ಖರ್ಚೂ ಇಲ್ಲ. ನೆಕ್‌ನ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ಎತ್ತಬೇಕು. ಅದು ಕೂರುವ ಗುಳಿಯಲ್ಲಿ, ಪಿಕಪ್‌ನ ಕಡೆಯ ತುದಿಗೆ, ಹಳೆಯ ವಿಸಿಟಿಂಗ್ ಕಾರ್ಡಿನ ಒಂದು ಸಣ್ಣ ಪಟ್ಟಿ ಕತ್ತರಿಸಿ ಇಟ್ಟು ಮತ್ತೆ ಬಿಗಿಯಬೇಕು. ನೆಕ್ ಕೂದಲೆಳೆಯಷ್ಟು ಹಿಂದಕ್ಕೆ ವಾಲುತ್ತದೆ. ಈಗ ತಂತಿಗಳು ಫ್ರೆಟ್‌ಗಳಿಗೆ (ಫಿಂಗರ್‌ಬೋರ್ಡ್ ಮೇಲಿನ ಲೋಹದ ಅಡ್ಡಗೆರೆಗಳಿಗೆ) ತೀರಾ ಹತ್ತಿರವಾಗುತ್ತವೆ. ಸರಿಪಡಿಸಲು ಬ್ರಿಜ್ ಅನ್ನು ಮೇಲೆತ್ತಬೇಕಾಗುತ್ತದೆ. ಬ್ರಿಜ್ ಮೇಲೆ ಹೋದಷ್ಟೂ ತಂತಿ ಅದರ ಹಿಂದೆ ಹೆಚ್ಚು ಬಾಗುತ್ತದೆ, ಭಾರ ಹೆಚ್ಚುತ್ತದೆ, ಗುಂಯ್‌ಗುಡುವುದು ನಿಲ್ಲುತ್ತದೆ. ಇದರ ಮೇಲೆ 11ರ ತಂತಿ ಹಾಕಿದೆ. ಅಂದಿನಿಂದ ಒಂದು ತಂತಿಯೂ ಜಾಗ ಬಿಟ್ಟಿಲ್ಲ. ಫೆಂಡರ್ ಕಾರ್ಖಾನೆಯಲ್ಲೂ ಹಿಂದೆ ನೆಕ್ ಗುಳಿಯಲ್ಲಿ ಹೀಗೆ ಪಟ್ಟಿ ಇಡುತ್ತಿದ್ದರು. ಇದು ಮುಚ್ಚಿಡಬೇಕಾದ ಅಡ್ಡದಾರಿಯಲ್ಲ.

ಕಂಪನಿಯ ಮಾರಾಟದ ಪಟ್ಟಿಯಿಂದ ಹೊರಬಿದ್ದ ಗಿಟಾರ್ ಮತ್ತೆ ಹೇಗೆ ಎದ್ದು ಬಂತು ಎಂಬುದು ನನಗೆ ಅತ್ಯಂತ ಇಷ್ಟದ ಭಾಗ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಯಾರಿಗೂ ಬೇಡವಾದ ಜಾಝ್‌ಮಾಸ್ಟರ್‌ಗಳು ಅಮೆರಿಕದ ಗಿರವಿ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದವು. ಕೈಯಲ್ಲಿ ಹಣವಿಲ್ಲದ ಹುಡುಗರಿಗೆ ಒಂದು ಕಾಲದ ಅತ್ಯಂತ ದುಬಾರಿ ಫೆಂಡರ್ ದಕ್ಕತೊಡಗಿತು. 1977ರಲ್ಲಿ ಇಂಗ್ಲೆಂಡಿನ ಗಾಯಕ ಎಲ್ವಿಸ್ ಕಾಸ್ಟೆಲೊ ತನ್ನ ಮೊದಲ ಆಲ್ಬಮ್‌ನ ಮುಖಪುಟದಲ್ಲೇ ಇದನ್ನು ಹಿಡಿದು ನಿಂತ. ಸೋನಿಕ್ ಯೂತ್ ತಂಡದ ಥರ್ಸ್ಟನ್ ಮೂರ್, ಲೀ ರನಾಲ್ಡೊ ಬ್ರಿಜ್‌ನ ಹಿಂದಿನ ಆ ಉದ್ದ ತಂತಿಯನ್ನೇ ಮೀಟಿ ಗಂಟೆಯಂತಹ ನಾದ ಹೊರಡಿಸಿದರು. ಲಿಯೊ ಫೆಂಡರ್ ಲೆಕ್ಕದಲ್ಲಿ ಆ ಭಾಗ ಬರೀ ಹಾದುಹೋಗುವ ತಂತಿ! ಮೈ ಬ್ಲಡಿ ವ್ಯಾಲೆಂಟೈನ್‌ನ ಕೆವಿನ್ ಶೀಲ್ಡ್ಸ್ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲಿ ಹಿಡಿದೇ ಮೀಟಿದ. ಇಡೀ ಸ್ವರಮೇಳ ತೂಗಾಡತೊಡಗಿತು. ಡೈನೋಸಾರ್ ಜೂನಿಯರ್‌ನ ಜೆ ಮಾಸಿಸ್ ಇದನ್ನು ಕಿವಿ ಗಡಚಿಕ್ಕುವ ರಾಕ್‌ಗೆ ಎಳೆದ.

ಇವರಲ್ಲಿ ಯಾರನ್ನೂ ಕಂಪನಿ ಹುಡುಕಿಕೊಂಡು ಹೋಗಿರಲಿಲ್ಲ. ಅವರು ಗಿಟಾರಿಗೆ ಹೆಸರು ತಂದ ಮೇಲೆ ಕಂಪನಿ ಅವರ ಬಳಿಗೆ ಬಂತು. ಎಂಬತ್ತರ ದಶಕದಲ್ಲಿ ಜಪಾನಿನಲ್ಲಿ, 1999ರಲ್ಲಿ ಅಮೆರಿಕದಲ್ಲಿ ಹಳೆಯ ಮಾದರಿಯ ಮರುತಯಾರಿ ಶುರುವಾಯಿತು. 2007ರಲ್ಲಿ ಜೆ ಮಾಸಿಸ್ ಹೆಸರಿನದು, ಮರುವರ್ಷ ಕಾಸ್ಟೆಲೊ ಹೆಸರಿನದು, 2009ರಲ್ಲಿ ಮೂರ್ ಮತ್ತು ರನಾಲ್ಡೊ ಹೆಸರಿನವು ಬಂದವು. 2011ರ ಸ್ಕ್ವಾಯರ್ ಜೆ ಮಾಸಿಸ್ ಗಿಟಾರಿನಿಂದ ಇದು ಸಾಮಾನ್ಯರ ಕೈಗೂ ಎಟುಕಿತು. ಅದರ ಬ್ರಿಜ್ ಬದಲಾಗಿತ್ತು, ಗಿಬ್ಸನ್ ಶೈಲಿಯ ಗಟ್ಟಿ ಬ್ರಿಜ್. ನುಡಿಸುವವರು ತಮ್ಮ ಮನೆಯಲ್ಲಿ ತಾವೇ ಮಾಡಿಕೊಂಡಿದ್ದ ತಿದ್ದುಪಡಿಯನ್ನು ಕಂಪನಿ ಅಂಗೀಕರಿಸಿದ್ದು ಇಲ್ಲಿ. ಇಂತಹ ಮಾರಾಟವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ಗಿಟಾರಿನ ವಿಷಯಕ್ಕೆ ಮರಳಿದರೆ, ಮೇಲ್ಭಾಗದ ಆ ಸ್ವಿಚ್ಚು ಮತ್ತು ಉರುಳೆಗಳನ್ನು ಬಹುತೇಕರು ಬೇಡವೆಂದು ವೈರ್ ಕತ್ತರಿಸಿ ಬಿಡುತ್ತಾರೆ. ಕೈ ತಗುಲಿದರೆ ನಾದ ಇದ್ದಕ್ಕಿದ್ದಂತೆ ಮಂಕಾಗುತ್ತದೆ ಎಂಬುದು ಅವರ ತಕರಾರು. ಜಾಝ್‌ನವರಿಗೆಂದು ಮಾಡಿದ ಈ ಭಾಗ ನಮ್ಮ ಆರ್ಕೆಸ್ಟ್ರಾಕ್ಕೆ ಹೇಳಿ ಮಾಡಿಸಿದಂತಿದೆ. ಗಾಯಕಿ ಪಲ್ಲವಿ ಎತ್ತಿಕೊಂಡಾಗ ಸ್ವಿಚ್ಚನ್ನು ಮೇಲೆ ತಳ್ಳುತ್ತೇನೆ. ಕತ್ತಿನ ಪಿಕಪ್ ಮಾತ್ರ ಉಳಿಯುತ್ತದೆ. ಉರುಳೆಯಲ್ಲಿ ಮೊದಲೇ ಇಳಿಸಿಟ್ಟ ವಾಲ್ಯೂಮ್, ಮಂದವಾದ ನಾದ. ಧ್ವನಿಯ ಕೆಳಗೆ ಹಾಸಿದಂತೆ ತಾಳಕ್ಕೆ ಸ್ವರಮೇಳ ಕೊಡಬಹುದು. ಪಲ್ಲವಿ ಮುಗಿದು ವಾದ್ಯದ ಭಾಗ ಬಂದಾಗ ಸ್ವಿಚ್ಚು ಕೆಳಗೆ. ತಕ್ಷಣ ಹೊಳಪು, ಏರು ದನಿ. ಗುಂಡಿ ತಿರುಗಿಸುವ ಕೆಲಸವಿಲ್ಲ, ಪೆಡಲ್ ಬೇಕಿಲ್ಲ. ಅರವತ್ತು ವರ್ಷಗಳ ಹಿಂದಿನ ಈ ಲೆಕ್ಕ ಎಷ್ಟು ಸರಿಯಾಗಿತ್ತು!

ಕೊರತೆಗಳೂ ಇವೆ. ಗಣಪತಿ ಪೆಂಡಾಲಿನಲ್ಲಿ ಜನರೇಟರ್, ಸೀರಿಯಲ್ ಲೈಟ್‌ಗಳ ನಡುವೆ ಈ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳು ಗುನುಗುತ್ತವೆ. ಎರಡೂ ಪಿಕಪ್ ಒಟ್ಟಿಗೆ ಇಟ್ಟರೆ ಬಹುಮಟ್ಟಿಗೆ ಅಡಗುತ್ತದೆ. ಮೂಲ ಜಾಝ್‌ಮಾಸ್ಟರ್‌ನ ಟ್ರೆಮೊಲೊದಲ್ಲಿ ಒಂದು ಬೀಗದ ಗುಂಡಿ ಇತ್ತು. ಒಂದು ತಂತಿ ಕಡಿದರೂ ಉಳಿದ ಐದರ ಶ್ರುತಿ ಕೆಡದಂತೆ ಅದು ಹಿಡಿಯುತ್ತಿತ್ತು. ಕ್ಲಾಸಿಕ್ ವೈಬ್‌ನಲ್ಲಿ ಆ ಗುಂಡಿ ಇಲ್ಲ. ವೇದಿಕೆಯಲ್ಲಿ ನುಡಿಸುವವರಿಗೆ ಅದು ಬೇಕಿತ್ತು.

ಫಿಂಗರ್‌ಬೋರ್ಡ್ ಕೂಡ ರೋಸ್‌ವುಡ್ ಅಲ್ಲ. 2017ರಲ್ಲಿ ನಮ್ಮ ಬೀಟೆಯೂ ಸೇರಿ, ರೋಸ್‌ವುಡ್ ಎನಿಸುವ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಯಿತು. 2019ರ ಕೊನೆಯಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಗುವಷ್ಟರಲ್ಲಿ ಹಲವು ತಯಾರಕರು ಬೇರೆ ಮರ ಹಿಡಿದಿದ್ದರು. ಸ್ಕ್ವಾಯರ್ ಪಟ್ಟಿಯಲ್ಲಿ ಇಂಡಿಯನ್ ಲಾರೆಲ್ ಎಂದು ಬರೆದಿರುವುದು ಮಲೆನಾಡಿನವರು ತೊಲೆ, ಜಂತೆಗೆ ಬಳಸುವ ಮತ್ತಿಯ ಜಾತಿ. ಗಟ್ಟಿ ಮರ, ಒಳ್ಳೆಯ ಮರ. ಬೀಟೆಗಿಂತ ಸ್ವಲ್ಪ ಒಣಗಿದಂತೆ ಕಾಣುತ್ತದೆ. ತಂತಿ ಬದಲಿಸುವಾಗ ಒಂದೆರಡು ಹನಿ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿದರೆ ಬಣ್ಣ ಏರುತ್ತದೆ. ನಾದದಲ್ಲಿ ನನಗೆ ವ್ಯತ್ಯಾಸ ಕೇಳಿಸಿಲ್ಲ.

ಬೆಲೆ ಅರ್ಧ ಲಕ್ಷದ ಆಸುಪಾಸು. ಮೊದಲ ಗಿಟಾರ್ ಕೊಳ್ಳುವವರಿಗೆ ನಾನು ಇದನ್ನು ಹೇಳುವುದಿಲ್ಲ. ತಂತಿಯನ್ನು ಬಹಳ ಎಳೆದು ನುಡಿಸುವವರಿಗೂ, ಹೆವಿ ಮೆಟಲ್‌ನವರಿಗೂ ಹೊಂದದು. ಗಾಯಕರ ಜೊತೆ ಕುಳಿತು ನುಡಿಸುವವರು, ಒಂದು ಸ್ವರವನ್ನು ನಿಧಾನವಾಗಿ ನಡುಗಿಸಿ ಬಿಡುವುದರಲ್ಲಿ ಸುಖ ಕಾಣುವವರು ಕಣ್ಣು ಮುಚ್ಚಿ ಕೊಳ್ಳಬಹುದು. ಅಂಗಡಿಯಲ್ಲಿ ನಿಂತು ನೋಡಬೇಡಿ, ಕುರ್ಚಿ ಕೇಳಿ. 11ರ ತಂತಿ, ನೆಕ್ ಪಟ್ಟಿ ಎರಡನ್ನೂ ಅಲ್ಲಿಯೇ ಹಾಕಿಸಿಕೊಂಡು, ಜೋರಾಗಿ ಮೀಟಿ ನೋಡಿದ ಮೇಲೆ ಹಣ ಕೊಡಿ. ಚೀಲವನ್ನೂ ಅಳತೆ ನೋಡಿಯೇ ತೆಗೆದುಕೊಳ್ಳಿ: ಓರೆ ಒಡಲು ಉದ್ದವಾದ್ದರಿಂದ ಸ್ಟ್ರಾಟೊಕ್ಯಾಸ್ಟರ್‌ಗೆ ಹೊಲಿದ ಹಲವು ಚೀಲಗಳ ಜಿಪ್ ಇದರ ಮೇಲೆ ಕೊನೆಯವರೆಗೆ ಮುಚ್ಚುವುದಿಲ್ಲ.